ಪದ್ಯ ಬಿಟ್ಟ ಪ್ರಸಂಗ: ಆರ್‌ಎನ್‌ಎ ಸಂಸ್ಕರಣೆ ಮತ್ತು ಕ್ಯಾನ್ಸರ್‌ನ ಹರಡುವಿಕೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರರು. ತಮ್ಮ ಹೆಸರನ್ನಾಗಲಿ, ತೀರಿಕೊಂಡ ಪತ್ನಿಯ ಹೆಸರನ್ನಾಗಲಿ ವೇದಿಕೆಯಿಂದ ಹೇಳಬಾರದೆಂದು ಅವರು ಕೇಳಿಕೊಂಡಿದ್ದಾರೆ. ಆ ಮಾತನ್ನು ನಾನು ಮೀರುವುದಿಲ್ಲ. ಆದರೆ ಆಹ್ವಾನ ಬಂದ ವಾರ ಅವರು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿಡುತ್ತೇನೆ. "ನಮ್ಮ ಮನೆಯವಳಿಗೂ ಪಕ್ಕದ ಕೇರಿಯ ಒಬ್ಬರಿಗೂ ಒಂದೇ ವರ್ಷ ಸ್ತನ ಕ್ಯಾನ್ಸರ್ ಆಯಿತು. ಗಡ್ಡೆಯ ಅಳತೆಯೂ ಹೆಚ್ಚುಕಡಿಮೆ ಒಂದೇ. ಅವರು ಇವತ್ತಿಗೂ ದೇವಸ್ಥಾನಕ್ಕೆ ನಡೆದುಕೊಂಡೇ ಹೋಗುತ್ತಾರೆ. ಇವಳಿಗೆ ಮೂರನೆಯ ವರ್ಷ ಬೆನ್ನುಮೂಳೆಗೆ ಬಂತು. ಯಾಕೆ ಹೀಗೆ?"

ಒಂದು ಗಂಟೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆಂದು ಹೇಳುವ ಧೈರ್ಯ ನನಗಿಲ್ಲ. ಉತ್ತರದ ಒಂದು ಎಳೆಯನ್ನು ಮಾತ್ರ ಬಿಡಿಸಿ ತೋರಿಸುತ್ತೇನೆ. ಜೀನ್‌ನಲ್ಲಿ ಏನು ಬರೆದಿದೆ ಎಂದು ತಿಳಿದರೆ ಕತೆ ತಿಳಿದಂತೆಯೇ ಎಂದು ನಾವು ಬಹುಕಾಲ ನಂಬಿದ್ದೆವು. ಬರೆದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಎಲ್ಲಿಗೆ ಮುಗಿಸಬೇಕು ಎಂದು ಜೀವಕೋಶ ದಿನವೂ ತೀರ್ಮಾನಿಸುತ್ತಿರುತ್ತದೆ. ಕ್ಯಾನ್ಸರ್ ಕೋಶ ಎಷ್ಟೋ ಸಲ ಹೊಸದೇನನ್ನೂ ಬರೆಯುವುದಿಲ್ಲ. ಇದ್ದದ್ದನ್ನೇ ಬೇರೆ ರೀತಿ ಕತ್ತರಿಸಿ ಜೋಡಿಸಿಕೊಂಡು ಊರು ಬಿಡುತ್ತದೆ.

1. ತುಂಡು ತುಂಡಾದ ಜೀನ್

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್: ಪಿಯುಸಿ ಪುಸ್ತಕದ ಈ ಸಾಲು ನಿಮಗೆಲ್ಲ ಗೊತ್ತು. ಬ್ಯಾಕ್ಟೀರಿಯಾಗಳನ್ನು ನೋಡಿ ಕಲಿತ ಪಾಠ ಅದು. ಅಲ್ಲಿ ಜೀನ್ ಎಂದರೆ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಒಂದೇ ಉದ್ದ ಸಾಲು. ನಮ್ಮಲ್ಲೂ ಹಾಗೆಯೇ ಇರುತ್ತದೆಂದು 1977ರವರೆಗೆ ಯಾರೂ ಅನುಮಾನಪಟ್ಟಿರಲಿಲ್ಲ.

ಆ ವರ್ಷ ಅಮೆರಿಕದ ಎರಡು ಗುಂಪುಗಳು, ಎಂಐಟಿಯಲ್ಲಿ ಫಿಲಿಪ್ ಶಾರ್ಪ್ ಅವರದು, ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ರಿಚರ್ಡ್ ರಾಬರ್ಟ್ಸ್ ಅವರದು, ಅಡೆನೋವೈರಸ್ ಮೇಲೆ ಕೆಲಸ ಮಾಡುತ್ತಿದ್ದವು. ನೆಗಡಿ ತರುವ ಸಾಮಾನ್ಯ ವೈರಸ್ ಇದು. ಎಂಐಟಿಯವರು ವೈರಸ್ಸಿನ ಕವಚದ ಒಂದು ಪ್ರೋಟೀನಿಗೆ ಸೇರಿದ ಆರ್‌ಎನ್‌ಎಯನ್ನು ತೆಗೆದು ಅದು ಹುಟ್ಟಿದ ಡಿಎನ್‌ಎ ತುಂಡಿನೊಡನೆ ಬೆರೆಸಿದರು. ಅಕ್ಷರಕ್ಕೆ ಅಕ್ಷರ ಹೊಂದುವ ಕಡೆ ಎರಡೂ ಅಂಟಿಕೊಳ್ಳಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರ್‌ಎನ್‌ಎಯ ಒಂದು ತುದಿ ಎಲ್ಲೂ ಅಂಟದೆ ಬಾಲದಂತೆ ನೇತಾಡುತ್ತಿತ್ತು. ಇನ್ನೂ ಉದ್ದದ ಡಿಎನ್‌ಎ ಜೊತೆ ಬೆರೆಸಿದಾಗ ಆ ಬಾಲಕ್ಕೂ ಜಾಗ ಸಿಕ್ಕಿತು. ಆದರೆ ಈಗ ಡಿಎನ್‌ಎ ಎಳೆಯೇ ಮೂರು ಕಡೆ ಕುಣಿಕೆಯಾಗಿ ಹೊರಗೆ ಉಬ್ಬಿಕೊಂಡಿತು. ಮಾಲೆ ಕಟ್ಟುವಾಗ ಬಿಗಿಯದೆ ಬಿಟ್ಟ ದಾರ ಹೂಗಳ ನಡುವೆ ಜೋತುಬಿದ್ದಂತೆ. ಆ ಜೋತುಬಿದ್ದ ಭಾಗಗಳು ಡಿಎನ್‌ಎಯಲ್ಲಿವೆ, ಆರ್‌ಎನ್‌ಎಯಲ್ಲಿಲ್ಲ. ನಡುವೆ ಯಾರೋ ಕತ್ತರಿಸಿ ತೆಗೆದಿದ್ದಾರೆ!

ಉಳಿಯುವ ತುಂಡಿಗೆ ಎಕ್ಸಾನ್, ಕಳಚಿಹೋಗುವ ತುಂಡಿಗೆ ಇಂಟ್ರಾನ್ ಎಂದು 1978ರಲ್ಲಿ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು. ಶಾರ್ಪ್ ಮತ್ತು ರಾಬರ್ಟ್ಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಆ ಕುಣಿಕೆಗಳನ್ನು ಕಂಡ ಲೂಯಿಸ್ ಚೌ ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆ ಮಾತು ಇಂದಿಗೂ ವಿಜ್ಞಾನಿಗಳ ನಡುವೆ ಬರುತ್ತದೆ, ಬರಲೇಬೇಕು.

ಕತ್ತರಿಸುವ ಕೆಲಸವನ್ನು ಸ್ಪ್ಲೈಸಿಂಗ್ ಎನ್ನುತ್ತಾರೆ. ಇಂಟ್ರಾನ್ ಸಾಮಾನ್ಯವಾಗಿ 'ಜಿ-ಯು' ಎಂಬ ಎರಡಕ್ಷರದಿಂದ ಶುರುವಾಗಿ 'ಎ-ಜಿ' ಎಂಬ ಎರಡಕ್ಷರದಲ್ಲಿ ಮುಗಿಯುತ್ತದೆ. ಕೋಶಕೇಂದ್ರದೊಳಗೆ ಸ್ಪ್ಲೈಸಿಯೋಸೋಮ್ ಎಂಬ ಯಂತ್ರವಿದೆ: ಐದು ಪುಟ್ಟ ಆರ್‌ಎನ್‌ಎಗಳು, ಅವುಗಳ ಸುತ್ತ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳು. ಆ ಆರ್‌ಎನ್‌ಎಗಳಲ್ಲಿ ಯು1 ಎಂಬುದು ಇಂಟ್ರಾನ್‌ನ ಆರಂಭವನ್ನು ಗುರುತಿಸುತ್ತದೆ, ಯು2 ಕೊನೆಗೆ ಹತ್ತಿರದ ಒಂದು 'ಎ'ಯನ್ನು ಹಿಡಿಯುತ್ತದೆ. ಇಂಟ್ರಾನ್ ಜೀರುಗುಣಿಕೆಯಾಗಿ ಬಿಗಿದು ಕಳಚಿಬೀಳುತ್ತದೆ, ಎರಡು ಬದಿಯ ಎಕ್ಸಾನ್‌ಗಳು ಕೂಡಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಷಾ ವಿಜಯರಾಘವನ್ ಅವರ ಪ್ರಯೋಗಾಲಯ ಯೀಸ್ಟ್‌ ಕೋಶಗಳಲ್ಲಿ ಈ ಯಂತ್ರದ ಬಿಡಿಭಾಗಗಳನ್ನು ಅಭ್ಯಾಸ ಮಾಡಿದೆ.

ಕೆಲಸದ ಅಳತೆಗೆ ಒಂದು ಉದಾಹರಣೆ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನ್ 20 ಲಕ್ಷಕ್ಕೂ ಹೆಚ್ಚು ಅಕ್ಷರಗಳದ್ದು. 79 ಎಕ್ಸಾನ್‌ಗಳನ್ನು ಆರಿಸಿ ಜೋಡಿಸಿದ ಮೇಲೆ ಉಳಿಯುವುದು ಸುಮಾರು 14 ಸಾವಿರ. ಇಷ್ಟರಲ್ಲಿ ಒಂದಕ್ಷರ ತಪ್ಪಿದರೂ ಏನಾದೀತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭಾರತದಲ್ಲಿ ಬೀಟಾ ಥಲಸೇಮಿಯಾ ತರುವ ಅತಿ ಸಾಮಾನ್ಯ ದೋಷ ಇರುವುದು ಗ್ಲೋಬಿನ್ ಜೀನ್‌ನ ಮೊದಲ ಇಂಟ್ರಾನ್‌ನ ಐದನೆಯ ಅಕ್ಷರದಲ್ಲಿ. ಪ್ರೋಟೀನಿನಲ್ಲಿ ಎಂದೂ ಕಾಣಿಸಿಕೊಳ್ಳದ, ಕತ್ತರಿಸಿ ಎಸೆಯುವ ತುಂಡಿನ ಒಂದಕ್ಷರ ಅದು. ಆ ಅಕ್ಷರ ಬದಲಾದರೆ ಕತ್ತರಿಗೆ ಗುರುತು ತಪ್ಪುತ್ತದೆ, ತಂದೆ ತಾಯಿ ಇಬ್ಬರಿಂದಲೂ ಇಂಥ ದೋಷ ಬಂದರೆ ಮಗು ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳಬೇಕಾಗುತ್ತದೆ.

2. ಭಾಗವತರ ಅಧಿಕಾರ

ನೀವು ಯಕ್ಷಗಾನದ ಊರಿನವರು. ಪ್ರಸಂಗ ಪುಸ್ತಕದಲ್ಲಿರುವ ಪದ್ಯಗಳನ್ನೆಲ್ಲ ಭಾಗವತರು ಎಲ್ಲ ರಾತ್ರಿಯೂ ಹಾಡುವುದಿಲ್ಲ. ಬೆಳಗಿನವರೆಗಿನ ಬಯಲಾಟಕ್ಕೆ ಒಂದು ಲೆಕ್ಕ, ಕಾಲಮಿತಿ ಆಟಕ್ಕೆ ಇನ್ನೊಂದು. ಯಾವ ಪದ್ಯ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಮಂಗಳ ಹಾಡಬೇಕು ಎಂಬುದು ಅವರ ಕೈಯಲ್ಲಿದೆ. ಪುಸ್ತಕದ ಒಂದಕ್ಷರವೂ ಬದಲಾಗುವುದಿಲ್ಲ. ಆದರೆ ಸಂಧಾನದ ನಾಲ್ಕು ಪದ್ಯ ಬಿಟ್ಟು ಹಾಡಿದರೆ ಕೃಷ್ಣ ಶಾಂತಿಗೆಂದು ಬಂದವನಂತೆ ಕಾಣುವುದಿಲ್ಲ, ಯುದ್ಧಕ್ಕೇ ಕಾದು ಕೂತವನಂತೆ ಕಾಣುತ್ತಾನೆ.

ಜೀನ್‌ಗಳ ಪ್ರಸಂಗವೂ ಹೀಗೆಯೇ ನಡೆಯುತ್ತದೆಂಬುದು 1980ರ ಹೊತ್ತಿಗೆ ಗೊತ್ತಾಯಿತು. ನಮ್ಮ ರಕ್ತದ ಬಿ ಕೋಶ ಪ್ರತಿಕಾಯವನ್ನು ಮೊದಲು ತನ್ನ ಮೈಮೇಲೆ ನೆಟ್ಟುಕೊಂಡಿರುತ್ತದೆ. ರೋಗಾಣು ಎದುರಾದ ಮೇಲೆ ಅದೇ ಪ್ರತಿಕಾಯವನ್ನು ರಕ್ತಕ್ಕೆ ಸುರಿಯುತ್ತದೆ. ಜೀನ್ ಒಂದೇ, ಎರಡನೆಯ ಸಲ ಆರ್‌ಎನ್‌ಎಯನ್ನು ಬೇರೆ ಕಡೆ ಮುಗಿಸಿರುತ್ತಾರೆ, ಪೊರೆಗೆ ನೆಟ್ಟುಕೊಳ್ಳುವ ಬೇರು ಬಿಟ್ಟುಹೋಗಿರುತ್ತದೆ. 1982ರಲ್ಲಿ ಇನ್ನೊಂದು ಉದಾಹರಣೆ ಬಂತು. ಇಲಿಯ ಒಂದು ಜೀನ್ ಥೈರಾಯ್ಡ್‌ನಲ್ಲಿ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಾಗುತ್ತದೆ, ನರಕೋಶದಲ್ಲಿ ರಕ್ತನಾಳ ಹಿಗ್ಗಿಸುವ ಸಿಜಿಆರ್‌ಪಿ ಎಂಬ ಬೇರೆಯದೇ ವಸ್ತುವಾಗುತ್ತದೆ. ಇಂದು ಅರೆತಲೆನೋವಿಗೆ ಕೊಡುವ ಹೊಸ ಇಂಜೆಕ್ಷನ್‌ಗಳು ಈ ಎರಡನೆಯದರ ದಾರಿಯನ್ನೇ ತಡೆಯುತ್ತವೆ.

ಮನುಷ್ಯನಲ್ಲಿ ಲಕ್ಷ ಜೀನ್‌ಗಳಿರಬಹುದೆಂದು ಒಂದು ಕಾಲಕ್ಕೆ ಅಂದಾಜಿತ್ತು. ಎಣಿಸಿದಾಗ ಪ್ರೋಟೀನ್ ಕೊಡುವ ಜೀನ್ ಸಿಕ್ಕಿದ್ದು ಸುಮಾರು 20 ಸಾವಿರ. ಇಷ್ಟರಲ್ಲೇ ಕಣ್ಣು, ಕರುಳು, ಮಿದುಳು ಹೇಗೆ ಎಂಬ ಪ್ರಶ್ನೆಗೆ 2008ರ ಅಧ್ಯಯನಗಳು ಒಂದು ಉತ್ತರ ಕೊಟ್ಟವು: ಒಂದಕ್ಕಿಂತ ಹೆಚ್ಚು ಎಕ್ಸಾನ್ ಇರುವ ನಮ್ಮ ಜೀನ್‌ಗಳಲ್ಲಿ ಶೇ. 95ರಷ್ಟು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಜೋಡಣೆಯಾಗುತ್ತವೆ. ಹಾಗಾದರೆ ಭಾಗವತರು ಯಾರು? ಅವರು ಒಬ್ಬರಲ್ಲ. ಎಸ್‌ಆರ್ ಪ್ರೋಟೀನ್‌ಗಳೆಂಬ ಗುಂಪು ಸಾಮಾನ್ಯವಾಗಿ "ಇದನ್ನು ಇಟ್ಟುಕೊ" ಎನ್ನುತ್ತದೆ, ಎಚ್‌ಎನ್‌ಆರ್‌ಎನ್‌ಪಿ ಎಂಬ ಗುಂಪು ಅನೇಕ ಕಡೆ "ಇದನ್ನು ಬಿಡು" ಎನ್ನುತ್ತದೆ. ಒಂದು ಅಂಗದಲ್ಲಿ ಯಾರ ಸಂಖ್ಯೆ ಹೆಚ್ಚೋ ಅವರ ಮಾತು ನಡೆಯುತ್ತದೆ. ಈ ತೂಕ ತಪ್ಪುವುದೂ ಉಂಟು. ಎಸ್‌ಆರ್ ಗುಂಪಿನ ಎಸ್‌ಆರ್‌ಎಸ್‌ಎಫ್1 ಪ್ರಮಾಣ ಮೀರಿದರೆ ಅದೊಂದೇ ಕೋಶವನ್ನು ಕ್ಯಾನ್ಸರ್ ದಾರಿಗೆ ತಳ್ಳಬಲ್ಲದೆಂದು ಏಡ್ರಿಯನ್ ಕ್ರೈನರ್ ಅವರ ಪ್ರಯೋಗಾಲಯ 2007ರಲ್ಲಿ ತೋರಿಸಿತು.

3. ಊರು ಬಿಡುವ ಕೋಶ

ಕ್ಯಾನ್ಸರ್‌ನಿಂದ ಸಾಯುವವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಮೊದಲ ಗಡ್ಡೆಯಲ್ಲ, ಅದು ಬೇರೆಡೆ ಹೋಗಿ ಬೇರುಬಿಟ್ಟದ್ದು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಕೂತು ನೋಡಿದರು. ಗಡ್ಡೆ ಎಲ್ಲೆಂದರಲ್ಲಿ ಹರಡಿರಲಿಲ್ಲ. ಕೆಲವು ಅಂಗಗಳಿಗೇ ಅದರ ಒಲವು. ಬೀಜ ಎಲ್ಲ ಕಡೆ ಚೆಲ್ಲಬಹುದು, ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ಬರೆದರು. ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಜ ತೊಟ್ಟು ಕಳಚಿಕೊಳ್ಳುವುದು ಹೇಗೆ? ಸ್ತನದ ನಾಳ, ಬಾಯಿಯ ಒಳಪದರ, ಕರುಳು, ಇವುಗಳ ಕೋಶಗಳು ಹಂಚಿನ ಸಾಲಿನಂತೆ ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಅವು ಚಲಿಸಬೇಕಾದರೆ ಆ ಬಿಗಿಯನ್ನು ಬಿಟ್ಟು ಉದ್ದುದ್ದವಾಗಿ ತೆವಳುವ ರೂಪ ತಾಳಬೇಕು. ಭ್ರೂಣ ಬೆಳೆಯುವಾಗ ಇದು ನಡೆಯುತ್ತದೆ, ಗಾಯ ಮಾಯುವಾಗಲೂ ಇದರದೊಂದು ಛಾಯೆ ಕಾಣುತ್ತದೆ. ಕ್ಯಾನ್ಸರ್ ಈ ಹಳೆಯ ವಿದ್ಯೆಯನ್ನೇ ಎರವಲು ಪಡೆಯುತ್ತದೆ.

ಸಾಲಿನಲ್ಲಿ ನಿಂತ ಕೋಶಗಳಲ್ಲಿ ಇಎಸ್‌ಆರ್‌ಪಿ1, ಇಎಸ್‌ಆರ್‌ಪಿ2 ಎಂಬ ಇಬ್ಬರು ಭಾಗವತರಿದ್ದಾರೆ. 2009ರಲ್ಲಿ ಇವರನ್ನು ಗುರುತಿಸಲಾಯಿತು. ಇವರು ಇರುವವರೆಗೆ ಹತ್ತಾರು ಜೀನ್‌ಗಳ ಆರ್‌ಎನ್‌ಎ 'ಮನೆಯಲ್ಲಿರುವ' ಪಾಠದಲ್ಲಿ ಜೋಡಣೆಯಾಗುತ್ತದೆ. ಕೋಶ ಚಲಿಸಲು ಹೊರಟಾಗ ಇವರ ದನಿ ಕುಗ್ಗುತ್ತದೆ, ಅದೇ ಜೀನ್‌ಗಳು 'ಹೊರಟುಹೋಗುವ' ಪಾಠಕ್ಕೆ ತಿರುಗುತ್ತವೆ. ಉದಾಹರಣೆಗೆ ಎಫ್‌ಜಿಎಫ್‌ಆರ್2 ಎಂಬ, ಹೊರಗಿನ ಸಂಕೇತ ಹಿಡಿಯುವ ಗ್ರಾಹಕದಲ್ಲಿ ಅಕ್ಕಪಕ್ಕದ ಎರಡು ಎಕ್ಸಾನ್‌ಗಳ ಪೈಕಿ ಒಂದನ್ನು ಮಾತ್ರ ಇಡಬೇಕು. ಒಂದಿದ್ದರೆ ಕೋಶಕ್ಕೆ ಒಂದು ಬಗೆಯ ಬೆಳವಣಿಗೆ ಸಂಕೇತಗಳು ಕೇಳಿಸುತ್ತವೆ, ಇನ್ನೊಂದಿದ್ದರೆ ಬೇರೆ ಬಗೆಯವು.

4. ಸಿಡಿ44: ಒಳ್ಳೆಯದೋ ಕೆಟ್ಟದ್ದೋ?

ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಅಣು ಸಿಡಿ44. ಕೋಶದ ಮೈಮೇಲಿದ್ದು ಸುತ್ತಲಿನ ಲೋಳೆಯಂಥ ಹಯಲುರೋನಿಕ್ ಆಮ್ಲವನ್ನು ಹಿಡಿದುಕೊಳ್ಳುವುದು ಇದರ ಕೆಲಸ. ಇದರ ಜೀನ್‌ನ ಎರಡು ತುದಿಯ ಎಕ್ಸಾನ್‌ಗಳು ಸ್ಥಿರ. ಮಧ್ಯದವನ್ನು (ಮನುಷ್ಯನಲ್ಲಿ ಒಂಬತ್ತು) ಬೇಕಾದರೆ ಸೇರಿಸಬಹುದು, ಬೇಡವಾದರೆ ಬಿಡಬಹುದು.

1991ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಉರ್ಸುಲಾ ಗ್ಯುಂಥರ್ಟ್, ಪೀಟರ್ ಹೆರ್ಲಿಶ್ ಮತ್ತು ಸಂಗಡಿಗರು ಇಲಿಯ ಮೇದೋಜೀರಕ ಕ್ಯಾನ್ಸರ್‌ನ ಎರಡು ತಳಿ ಕೋಶಗಳನ್ನು ಹೋಲಿಸಿದರು. ಒಂದು ಇದ್ದಲ್ಲೇ ಬೆಳೆಯುತ್ತಿತ್ತು, ಇನ್ನೊಂದು ಹರಡುತ್ತಿತ್ತು. ಹರಡುವ ತಳಿಯಲ್ಲಿ ಮಧ್ಯದ ಎಕ್ಸಾನ್‌ಗಳು ಸೇರಿದ ಸಿಡಿ44 ಇತ್ತು. ಆ ರೂಪವನ್ನು ಮಾತ್ರ ಹರಡದ ತಳಿಯೊಳಗೆ ತುಂಬಿ ಇಲಿಗಳಿಗೆ ಚುಚ್ಚಿದರು. ಅದೂ ಹರಡಿತು. ಒಂದೇ ಜೀನ್‌ನ ಬೇರೆ ಜೋಡಣೆ ಗಡ್ಡೆಗೆ ಕಾಲು ಕೊಟ್ಟಿತ್ತು.

ಇಲ್ಲಿಗೆ ಕತೆ ನಿಂತಿದ್ದರೆ ಮಧ್ಯದ ಎಕ್ಸಾನ್‌ಗಳನ್ನು ಖಳರೆಂದು ಬರೆದು ಮುಗಿಸಬಹುದಿತ್ತು. ಆದರೆ 2011ರಲ್ಲಿ ಚೋಂಗ್‌ಹುಯಿ ಚೆಂಗ್ ಅವರ ತಂಡ ಸ್ತನದ ಕೋಶಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡಿತು. ಸಾಲು ಬಿಟ್ಟು ಚಲಿಸುವ ರೂಪ ತಾಳಬೇಕಾದರೆ ಮಧ್ಯದ ಎಕ್ಸಾನ್‌ಗಳನ್ನೆಲ್ಲ ಬಿಟ್ಟ ಗಿಡ್ಡ ಸಿಡಿ44 ಬೇಕಿತ್ತು. ಮರುವರ್ಷ ಜಪಾನಿನ ತಂಡವೊಂದು ಇಲಿಯ ಸ್ತನ ಕ್ಯಾನ್ಸರ್ ಕೋಶಗಳು ಶ್ವಾಸಕೋಶದಲ್ಲಿ ನೆಲೆಯೂರಲು ಉದ್ದದ ರೂಪವೇ ನೆರವಾಗುತ್ತದೆಂದು ತೋರಿಸಿತು. ಆ ರೂಪ ಕೋಶವನ್ನು ಆಕ್ಸಿಡೀಕರಣದ ಹೊಡೆತದಿಂದ ಕಾಯುತ್ತಿತ್ತು.

ಇವುಗಳಲ್ಲಿ ಯಾವುದು ಸರಿ? ಮೂರೂ ಸರಿ ಎಂದೇ ನನ್ನ ತಿಳುವಳಿಕೆ. ಮನೆ ಬಿಡುವಾಗ ಬೇಕಾದ ಬುತ್ತಿ ಬೇರೆ, ಹೊಸ ಊರಲ್ಲಿ ಒಲೆ ಹೂಡುವಾಗ ಬೇಕಾದ ಸಾಮಾನು ಬೇರೆ. ಹರಡುವಿಕೆ ಒಂದೇ ಘಟನೆಯಲ್ಲ. ಕಳಚಿಕೊಳ್ಳುವುದು, ರಕ್ತದಲ್ಲಿ ಬದುಕುವುದು, ಇಳಿಯುವುದು, ನೆಲೆಯೂರುವುದು ಹೀಗೆ ಹಲವು ಹಂತ. ಹಂತಕ್ಕೆ ತಕ್ಕಂತೆ ಪದ್ಯ ಬದಲಿಸಬಲ್ಲ ಕೋಶ ಮುಂದೆ ಹೋಗುತ್ತದೆ. ಹಾಗಾಗಿ ಯಾವ ಎಕ್ಸಾನನ್ನೂ ಒಳ್ಳೆಯದು, ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದು.

5. ಬೇಗ ಹಾಡಿದ ಮಂಗಳ

ಆರ್‌ಎನ್‌ಎ ಎಲ್ಲಿ ಮುಗಿಯಬೇಕೆಂಬುದಕ್ಕೂ ಗುರುತುಗಳಿವೆ. ಗುರುತಿನ ಸ್ವಲ್ಪ ಮುಂದೆ ಕತ್ತರಿಸಿ 'ಎ' ಅಕ್ಷರಗಳ ಉದ್ದ ಬಾಲ ಜೋಡಿಸುತ್ತಾರೆ. ನಮ್ಮ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಂಥ ಗುರುತು ಒಂದಕ್ಕಿಂತ ಹೆಚ್ಚಿದೆ. ಪ್ರೋಟೀನಿನ ಪಾಠ ಮುಗಿದ ಮೇಲೂ ಆರ್‌ಎನ್‌ಎಯಲ್ಲಿ ಒಂದಷ್ಟು ಉದ್ದ ಉಳಿದಿರುತ್ತದೆ. ಅಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಕಾವಲುಗಾರರು ಬಂದು ಕೂರುತ್ತಾರೆ, "ಇನ್ನು ಸಾಕು" ಎಂದು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತಾರೆ.

ರೋಗನಿರೋಧಕ ವ್ಯವಸ್ಥೆಯಲ್ಲಿ ಬೇಗ ಬೇಗ ವಿಭಜನೆಯಾಗುವ ಟಿ ಕೋಶಗಳು ಮೊದಲ ಗುರುತಿನಲ್ಲೇ ಮಂಗಳ ಹಾಡಿ ಈ ಉದ್ದವನ್ನು ಮೊಟಕುಗೊಳಿಸುತ್ತವೆಂದು 2008ರಲ್ಲಿ ಗೊತ್ತಾಯಿತು. ಕಾವಲುಗಾರರಿಗೆ ಕೂರಲು ಜಗಲಿಯೇ ಇಲ್ಲ! ಮರುವರ್ಷ ಕ್ರಿಸ್ಟೀನ್ ಮೈಯರ್ ಮತ್ತು ಡೇವಿಡ್ ಬಾರ್ಟೆಲ್ ಕ್ಯಾನ್ಸರ್ ಕೋಶಗಳಲ್ಲೂ ಇದನ್ನೇ ಕಂಡರು. ಕ್ಯಾನ್ಸರ್‌ಗೆ ಇಂಬು ಕೊಡುವ ಕೆಲವು ಜೀನ್‌ಗಳ ಪ್ರೋಟೀನಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಪ್ರಮಾಣ ಮಾತ್ರ ಏರಿತ್ತು. 2018ರಲ್ಲಿ ಮೈಯರ್ ಅವರ ತಂಡ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಇನ್ನೂ ಮುಂದಿನದನ್ನು ಕಂಡಿತು: ಗಡ್ಡೆಯನ್ನು ತಡೆಯಬೇಕಾದ ಜೀನ್‌ಗಳ ಆರ್‌ಎನ್‌ಎ ಇಂಟ್ರಾನ್ ಒಳಗೇ ಮುಗಿದು ಅರ್ಧಂಬರ್ಧ ಪ್ರೋಟೀನ್ ಬರುತ್ತಿತ್ತು. ಡಿಎನ್‌ಎ ಮಾತ್ರ ನೋಡಿದವರಿಗೆ ಆ ಜೀನ್ ನಿರ್ದೋಷಿ.

6. ರಂಗಸ್ಥಳ ಬಿಡದ ವೇಷ

ಇದೆಲ್ಲ ಪ್ರಯೋಗಾಲಯದ ಮಾತು, ರೋಗಿಗೇನು ಎಂದು ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

ಮೆಟ್ ಎಂಬ ಗ್ರಾಹಕ ಕೋಶಕ್ಕೆ "ಚದುರು, ಚಲಿಸು" ಎಂಬ ಸಂದೇಶ ಮುಟ್ಟಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಹಿಡಿದು ನಾಶಪಡಿಸಲು ಒಂದು ಕೊಂಡಿ ಬೇಕು. ಆ ಕೊಂಡಿ ಇರುವುದು 14ನೆಯ ಎಕ್ಸಾನ್‌ನಲ್ಲಿ. ಅತಿ ಸಾಮಾನ್ಯ ಬಗೆಯ ಶ್ವಾಸಕೋಶ ಕ್ಯಾನ್ಸರ್‌ನ ಶೇ. 3ರಷ್ಟು ರೋಗಿಗಳಲ್ಲಿ ಆ ಎಕ್ಸಾನ್ ಬಿಟ್ಟುಹೋಗಿರುತ್ತದೆ. ನಿರ್ಗಮನದ ಪದ್ಯ ಬಿಟ್ಟ ಮೇಲೆ ವೇಷ ರಂಗಸ್ಥಳ ಬಿಟ್ಟು ಇಳಿಯುವುದಾದರೂ ಹೇಗೆ? ಕುಣಿಯುತ್ತಲೇ ಇರುತ್ತದೆ. ಇಂಥವರಿಗೆಂದೇ ಕ್ಯಾಪ್‌ಮ್ಯಾಟಿನಿಬ್ ಎಂಬ ಮಾತ್ರೆಗೆ 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಎಕ್ಸಾನ್ ಬಿಟ್ಟುಹೋಗಲು ಕಾರಣವಾದ ದೋಷ ಒಬ್ಬೊಬ್ಬರಲ್ಲಿ ಒಂದೊಂದು ಕಡೆ, ಹೆಚ್ಚಾಗಿ ಇಂಟ್ರಾನ್ ಅಂಚಿನಲ್ಲಿರುತ್ತದೆ. ಆದ್ದರಿಂದ ಡಿಎನ್‌ಎ ಪರೀಕ್ಷೆಗೆ ಕೆಲವೊಮ್ಮೆ ತಪ್ಪಿಹೋಗುವುದು ಆರ್‌ಎನ್‌ಎ ಪರೀಕ್ಷೆಗೆ ಸಿಗುತ್ತದೆ.

ಎರಡನೆಯದು ಪ್ರಾಸ್ಟೇಟ್ ಕ್ಯಾನ್ಸರ್. ಮುಂದುವರಿದ ರೋಗಕ್ಕೆ ಕೊಡುವ ಎನ್ಜಲುಟಮೈಡ್, ಅಬಿರಾಟೆರೋನ್ ಮಾತ್ರೆಗಳು ಗಂಡು ಹಾರ್ಮೋನ್ ತನ್ನ ಗ್ರಾಹಕವನ್ನು ಎಬ್ಬಿಸದಂತೆ ತಡೆಯುತ್ತವೆ. ಕೆಲವು ಕ್ಯಾನ್ಸರ್ ಕೋಶಗಳು ಗ್ರಾಹಕದಲ್ಲಿ ಹಾರ್ಮೋನ್ ಕೂರುವ ಭಾಗವನ್ನೇ ಬಿಟ್ಟು ಎಆರ್-ವಿ7 ಎಂಬ ಗಿಡ್ಡ ರೂಪ ಜೋಡಿಸಿಕೊಳ್ಳುತ್ತವೆ. ಬೀಗವೇ ಇಲ್ಲದ ಬಾಗಿಲು ಅದು. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಈ ಎರಡು ಔಷಧಗಳಲ್ಲಿ ಒಂದನ್ನು ಪಡೆಯುತ್ತಿದ್ದ 62 ರೋಗಿಗಳ ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ನೋಡಿದರು. ಆ ಗಿಡ್ಡ ರೂಪ ಕಂಡವರಲ್ಲಿ ಒಬ್ಬರಿಗೂ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಪಿಎಸ್‌ಎ ಬೇಕಾದಷ್ಟು ಇಳಿಯಲಿಲ್ಲ.

7. ಕತ್ತರಿಯ ಇನ್ನೊಂದು ಬಾಯಿ

ಹಾಗಾದರೆ ಜೋಡಣೆಯನ್ನೇ ತಿದ್ದಬಹುದಲ್ಲ? ಬೇರೆ ರೋಗದಲ್ಲಿ ಅದು ಆಗಿದೆ. ಬೆನ್ನುಹುರಿಯ ನರಗಳು ಕ್ಷೀಣಿಸುವ ಎಸ್‌ಎಂಎ ಎಂಬ ಮಕ್ಕಳ ಕಾಯಿಲೆಗೆ 2016ರಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್, ಒಂದು ಜೀನ್‌ನಲ್ಲಿ ಬಿಟ್ಟುಹೋಗುತ್ತಿದ್ದ ಏಳನೆಯ ಎಕ್ಸಾನನ್ನು ಮತ್ತೆ ಸೇರಿಸುತ್ತದೆ. ಇದರ ಹಿಂದಿರುವವರು ಮೊದಲು ಹೇಳಿದ ಕ್ರೈನರ್ ಅವರೇ.

ಕ್ಯಾನ್ಸರ್‌ನಲ್ಲಿ ದಾರಿ ಅಷ್ಟು ಸಲೀಸಾಗಿಲ್ಲ. ಸಿಡಿ44ರ ಮಧ್ಯದ ಆರನೆಯ ತುಂಡನ್ನು ಹುಡುಕಿ ಹೋಗಿ ವಿಷ ಇಳಿಸುವ ಬಿವಾಟುಜುಮಾಬ್ ಎಂಬ ಔಷಧವನ್ನು ತಲೆ-ಕುತ್ತಿಗೆ ಕ್ಯಾನ್ಸರ್‌ನ ರೋಗಿಗಳಿಗೆ ಕೊಟ್ಟು ನೋಡಿದರು. ತಂಬಾಕು ಜಗಿಯುವ ನಮ್ಮ ನಾಡಿನಲ್ಲಿ ಕಣ್ಣಿಗೆ ಬೀಳುತ್ತಲೇ ಇರುವ ಕ್ಯಾನ್ಸರ್ ಇದು. ಆದರೆ ಆರನೆಯ ತುಂಡನ್ನು ನಮ್ಮ ಚರ್ಮದ ಕೋಶಗಳೂ ದಿನವೂ ಬಳಸುತ್ತವೆ. ಒಬ್ಬ ರೋಗಿಯ ಚರ್ಮ ಸುಟ್ಟಂತೆ ಸುಲಿದು ಪ್ರಾಣ ಹೋಯಿತು, ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಗಡ್ಡೆಯಲ್ಲಿ ಕೇಳಿದ ಪದ್ಯವನ್ನು ಚರ್ಮವೂ ಹಾಡುತ್ತಿತ್ತು. ಎರವಲು ವಿದ್ಯೆಯ ಕಳ್ಳನನ್ನು ಹಿಡಿಯುವಾಗ ವಿದ್ಯೆ ಕಲಿಸಿದ ಮನೆಗೂ ಬೆಂಕಿ ತಾಗುತ್ತದೆ.

ಮಾಸ್ತರರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದೇ ಅಳತೆಯ ಎರಡು ಗಡ್ಡೆಗಳು ಒಂದೇ ಅಲ್ಲದಿರಲು ಕಾರಣ ಹಲವು: ಮ್ಯುಟೇಶನ್‌ಗಳು, ಗಡ್ಡೆಯ ಉಪಜಾತಿ, ದೇಹದ ಕಾವಲು, ಪ್ಯಾಜೆಟ್ ಹೇಳಿದ ನೆಲ. ಇವುಗಳ ಜೊತೆಗೆ, ಅದೇ ಜೀನ್‌ಗಳನ್ನು ಒಳಗೆ ಹೇಗೆ ಕತ್ತರಿಸಿ ಜೋಡಿಸಲಾಗಿತ್ತು ಎಂಬುದೂ ಒಂದು. ನಿಮ್ಮ ಮನೆಯವರ ಗಡ್ಡೆಯಲ್ಲಿ ಏನಾಗಿತ್ತೋ ಈಗ ಯಾರೂ ಹೇಳಲಾರರು. ಅವರು ಮಾಡಿದ್ದಕ್ಕೋ, ನೀವು ಮಾಡದೆ ಬಿಟ್ಟದ್ದಕ್ಕೋ ಆ ಜೋಡಣೆ ಬದಲಾಯಿತೆಂದು ಎಣಿಸಿ ರಾತ್ರಿ ನಿದ್ದೆ ಬಿಡುವ ಅಗತ್ಯವಿಲ್ಲ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮುಂದಿನವರಿಗೆ ಒಂದು ಸಣ್ಣ ವಿಷಯ. ಡಿಎನ್‌ಎ ಗಟ್ಟಿ ಕುಳ, ಆರ್‌ಎನ್‌ಎ ಬೇಗ ಕೆಡುತ್ತದೆ. ಬಯಾಪ್ಸಿ ತೆಗೆದ ತುಂಡು ಫಾರ್ಮಲಿನ್ ಸೇರುವುದು ತಡವಾದಷ್ಟೂ ಅದರೊಳಗಿನ ಆರ್‌ಎನ್‌ಎ ಚೂರುಚೂರಾಗುತ್ತದೆ. ಆಮೇಲೆ ಎಂಥ ದುಬಾರಿ ಯಂತ್ರಕ್ಕೂ ಓದಲು ಏನೂ ಸಿಗದು. ಈ ಸಭೆಯಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ವಿದ್ಯಾರ್ಥಿಗಳಿದ್ದೀರಿ. ನಾಳೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪುಟ್ಟ ಸೀಸೆ ನಿಮ್ಮ ಕೈಗೆ ಬರುತ್ತದೆ. ಊಟ ಮುಗಿಸಿ ನೋಡೋಣ ಎನ್ನಬೇಡಿ. ಸೀಸೆಯ ಮೇಲೆ ತೆಗೆದ ಹೊತ್ತು ಬರೆಯಿರಿ, ತುಂಡು ಪೂರ್ತಿ ಮುಳುಗುವಷ್ಟು ಫಾರ್ಮಲಿನ್ ಇದೆಯೇ ನೋಡಿರಿ. ಆಮೇಲೆ ಊಟಕ್ಕೆ ಹೋಗಿ.